ಹೊಳೆ ಆಚೆಯ ಪಂಚಾಯ್ತಿ ಜತೆ ನಮ್ಮ ಪಂಚಾಯ್ತಿ ಕೂತು ಮಾತಾಡಬಹುದಾ?

ದಂಡೆಮನೆ (ರಾಯಚೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ನಮ್ಮದು ತುಂಗಭದ್ರೆ ದಂಡೆಯ ಊರು. ಮಾಳಿಗೆ ಹತ್ತಿ ನಿಂತರೆ ಆಚೆ ದಂಡೆಯ ಗುಡಿ ಕಾಣುತ್ತದೆ. ಅದು ಆಂಧ್ರ, ಕರ್ನೂಲು ಜಿಲ್ಲೆ. ಊರುಗಳ ಹೆಸರು ಬೇಡ, ಎರಡೂ ಕಡೆಯವರು ಇದನ್ನು ಓದುತ್ತಾರೆ. ನಮ್ಮಲ್ಲಿ ಅರ್ಧ ಮನೆಗಳಿಗೆ ಆಚೆ ಬೀಗರಿದ್ದಾರೆ. ನನ್ನ ಚಿಕ್ಕವ್ವನನ್ನು ಕೊಟ್ಟಿದ್ದೂ ಅಲ್ಲಿಗೇ. ಅವಳ ಮಕ್ಕಳು ತೆಲುಗಿನಲ್ಲಿ ಬೈತಾರೆ, ಕನ್ನಡದಲ್ಲಿ ಊಟ ಕೇಳ್ತಾರೆ.

ಯುಗಾದಿ ಹೊತ್ತಿಗೆ ಹೊಳೆ ನಿಲ್ಲುತ್ತದೆ. ಉಳಿಯೋದು ಮಡುವುಗಳು ಮಾತ್ರ. ಆ ಮಡುವಿಗೆ ನಮ್ಮ ಕಡೆಯ ಮೋಟರುಗಳೂ ಇಳಿಯುತ್ತವೆ, ಅವರ ಕಡೆಯವೂ ಇಳಿಯುತ್ತವೆ. ನೀರು ಇನ್ನೂ ಕಡಿಮೆ ಆದಾಗ ಮರಳಿನಲ್ಲಿ ಕಾಲುವೆ ತೋಡಿ ಮೇಲಿನ ಮಡುವಿನ ನೀರನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ನಾವೂ ತೋಡಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ನಮ್ಮವರು ತೋಡಿದ್ದ ಕಾಲುವೆಯನ್ನು ಅವರು ಜೆಸಿಬಿ ತಂದು ಮುಚ್ಚಿದರು. ಮರುದಿನ ರಾತ್ರಿ ಅವರ ಪೈಪುಗಳು ತುಂಡಾಗಿ ಬಿದ್ದಿದ್ದವು. ಅದರ ಮರುದಿನ ನಮ್ಮವು. ನನ್ನ ಮೋಟರಿನ ಪೈಪಿನ ತುದಿಯ ಫುಟ್‌ವಾಲ್ ಬಿಚ್ಚಿ ಮಡುವಿನಲ್ಲಿ ಎಸೆದಿದ್ದರು. ನಾಲ್ಕು ದಿನ ಮುಳುಗಿ ಹುಡುಕಿದೆ, ಸಿಗಲಿಲ್ಲ. ಐದನೇ ದಿನ ಆಚೆಯ ಒಬ್ಬ ಹುಡುಗನಿಗೆ ನಮ್ಮವನೊಬ್ಬ ಕಪಾಳಕ್ಕೆ ಹೊಡೆದ. ಅಲ್ಲಿಗೆ ಮಾತು ಮುಗೀತು.

ಠಾಣೆಗೆ ಹೋದರೆ, ಗಲಾಟೆ ಆಗಿದ್ದು ಹೊಳೆ ನಡುವೆ, ನಮ್ಮ ಲಿಮಿಟ್ಟಿಗೆ ಬರಲ್ಲ ಅಂದರು. ಅವರ ಠಾಣೆಯಲ್ಲೂ ಅದನ್ನೇ ಹೇಳಿದರಂತೆ, ತೆಲುಗಿನಲ್ಲಿ.

ವೈಶಾಖದಲ್ಲಿ ನನ್ನ ತಮ್ಮನ ಮಗಳ ಮದುವೆ ಇತ್ತು. ಆಚೆ ದಂಡೆಯವರಿಗೆ ಅಂತ ಇನ್ನೂರು ಎಲೆ ಲೆಕ್ಕ ಹಾಕಿ ಅಡುಗೆ ಮಾಡಿಸಿದ್ದೆವು. ಬಂದವರು ಮೂವತ್ತೋ ನಲವತ್ತೋ. ಚಿಕ್ಕವ್ವ ಬಂದಳು, ಅವಳ ಗಂಡ ಬರಲಿಲ್ಲ. ಹುಗ್ಗಿ ಕೊಪ್ಪರಿಗೆಯಲ್ಲಿ ಹಾಗೇ ಉಳಿದಿತ್ತು. ಸಂಜೆ ಚಿಕ್ಕವ್ವ ಅದನ್ನು ಸ್ಟೀಲ್ ಡಬ್ಬಿಗಳಿಗೆ ತುಂಬಿ, "ಅಲ್ಲಿನ ಹುಡುಗರು ತಿಂತಾವೆ" ಅಂತ ತಗೊಂಡು ಹೋದಳು. ಅವತ್ತಿಂದ ನನಗೆ ಇದೇ ಯೋಚನೆ.

ನಾನು ಪಂಚಾಯ್ತಿ ಮೆಂಬರ್ ಆಗಿದ್ದವನು. ನಮ್ಮ ಪಂಚಾಯ್ತಿಯೂ ಅವರ ಪಂಚಾಯ್ತಿಯೂ ಒಂದು ಕಡೆ ಕೂತು ಏನಾದರೂ ಬರೆದಿಟ್ಟುಕೊಳ್ಳಬಹುದಾ? ಕಾನೂನಿನಲ್ಲಿ ಜಾಗ ಇದೆಯಾ? ಬೇರೆ ಎಲ್ಲಾದರೂ ಮಾಡಿದ್ದಾರಾ? ಗೊತ್ತಿದ್ದವರು ಹೇಳಿ.

ಹಳೇ ಕಾಲುವೆ (ಮಾನ್ವಿ)

ಅಣ್ಣಾ, ನಮ್ಮ ಕಡೆಯ ಕಥೆ ಕೇಳು. ರಾಜೋಳಿಬಂಡಾ ಆಣೆಕಟ್ಟು ಇರೋದು ನಮ್ಮಲ್ಲಿ. ಕಾಲುವೆ 143 ಕಿ.ಮೀ. ಶುರುವಿನ ನಲವತ್ತು ಚಿಲ್ಲರೆ ಕಿ.ಮೀ ನಮ್ಮ ರಾಜ್ಯದಲ್ಲಿ, ಉಳಿದದ್ದು ತೆಲಂಗಾಣದಲ್ಲಿ. ನಮ್ಮಲ್ಲಿ ನೀರುಣ್ಣೋದು 5,879 ಎಕರೆ, ಅವರಲ್ಲಿ 87,500 ಎಕರೆ. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ಆಯೋಗ ಅವರಿಗೆ 15.9 ಟಿಎಂಸಿ ಅಂದಿತು, ನಮಗೆ 1.2. ಇನ್ನು ಹೊಳೆಯ ಬಲದಂಡೆಯಲ್ಲಿ ಕರ್ನೂಲಿನವರು. ಆಣೆಕಟ್ಟಿನ ಎತ್ತರ ಒಂದಿಷ್ಟು ಏರಿಸ್ತೀವಿ ಅಂದಾಗೆಲ್ಲ ಅವರು ಬಂದು ಕೆಲಸ ನಿಲ್ಲಿಸಿದ್ದಾರೆ. ಪೊಲೀಸರ ಕಾವಲಿನಲ್ಲಿ ಸಿಮೆಂಟು ಕಲಸೋದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತಮಾಷೆ ಏನಂದ್ರೆ, ಗದ್ವಾಲ, ಆಲಂಪುರ ಎರಡೂ 1956ರ ತನಕ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ. ನಮ್ಮಜ್ಜ ಕೋರ್ಟು ಕಚೇರಿಗೆ ಅಂತ ಬರುವಾಗ ಗದ್ವಾಲದವರ ಜತೆ ಒಂದೇ ಛತ್ರದಲ್ಲಿ ಮಲಗುತ್ತಿದ್ದನಂತೆ. ಭಾಷೆ ನೋಡಿ ಗೆರೆ ಎಳೆದರು. ಕಾಲುವೆಗೆ ಗೆರೆ ಗೊತ್ತಾಗಲಿಲ್ಲ.

ನನ್ನ ಮಾತು ಇಷ್ಟೇ. ಎಷ್ಟು ನೀರು ಯಾರಿಗೆ ಅನ್ನೋದು ನಮ್ಮ ನಿಮ್ಮ ತಲೆ ಮೇಲಿನ ವಿಷಯ. ಅದಕ್ಕೆ ಕೈ ಹಾಕಿದರೆ ಎರಡೂ ಕಡೆಯ ಲೀಡರುಗಳು ಓಡಿ ಬರ್ತಾರೆ, ಮೈಕು ತರ್ತಾರೆ. ಪೈಪು ಕಡಿಯೋದು, ಹುಡುಗರ ಹೊಡೆದಾಟ, ಹರಿಗೋಲು, ಜಾತ್ರೆ, ಇವುಗಳ ಬಗ್ಗೆ ಮಾತ್ರ ಕೂತ್ಕೊಳ್ಳಿ.

ಸಿರುಗುಪ್ಪದವ

ಒಳ್ಳೇ ಮನಸ್ಸಿನ ಪ್ರಶ್ನೆ. ಆದರೆ ಆಗದ ಮಾತು.

ಬಳ್ಳಾರಿ ಜಿಲ್ಲೆಯಲ್ಲಿ ಗಣಿ ಜೋರಿದ್ದ ದಿನಗಳಲ್ಲಿ ರಾಜ್ಯದ ಗಡಿ ಕಲ್ಲುಗಳೇ ಮಾಯವಾದವು. ಗಡಿ ಎಲ್ಲಿದೆ ಅಂತ ಹೇಳೋಕೆ ಸರ್ವೆ ಆಫ್ ಇಂಡಿಯಾದವರೇ ಬಂದು ಅಳೆಯಬೇಕಾಯ್ತು. ಎರಡು ಸರ್ಕಾರ ಕಾಯಬೇಕಾದ ಕಲ್ಲಿನ ಗತಿಯೇ ಹೀಗೆ. ಇನ್ನು ಎರಡು ಪಂಚಾಯ್ತಿ ಸೇರಿ ಮರಳಿನ ಮೇಲೆ ಗೆರೆ ಕಾಯ್ತಾವಾ? ಮಳೆ ಬಂದರೆ ಮುಗೀತು, ಎಲ್ಲ ಮರೆತು ಹೋಗ್ತದೆ. ಮತ್ತೆ ಯುಗಾದಿಗೆ ಶುರು.

ಶಾಂತಿ ಸಭೆ ಅಂತ ಠಾಣೆಯಲ್ಲಿ ಗಣೇಶನ ಹಬ್ಬಕ್ಕೆ, ಮೊಹರಂಗೆ ಕರೀತಾರಲ್ಲ, ಅದನ್ನೂ ನೋಡಿದ್ದೇವೆ. ಬರೋದು ಅದೇ ಹದಿನೈದು ಜನ. ಚಹಾ, ಬಿಸ್ಕತ್ತು, ಒಂದು ಫೋಟೋ. ಗಲಾಟೆ ಮಾಡೋ ಹುಡುಗರು ಹೊರಗೆ ಗೇಟಿನ ಹತ್ತಿರ ನಿಂತಿರ್ತಾರೆ.

ಕರಿ ಕೋಟು (ಬಳ್ಳಾರಿ)

ಕಾನೂನಿನ ಭಾಗಕ್ಕೆ ನಾನು ಉತ್ತರ ಕೊಡುತ್ತೇನೆ.

ಅಂತರರಾಜ್ಯ ನದಿಯ ನೀರಿನ ಹಂಚಿಕೆ ಪಂಚಾಯ್ತಿಯ ಕೈಯಲ್ಲಿಲ್ಲ. ಸಂವಿಧಾನದ 262ನೇ ವಿಧಿ, ಅದರ ಕೆಳಗೆ 1956ರ ಕಾಯ್ದೆ, ನ್ಯಾಯಾಧಿಕರಣ. ಅದು ಅವರ ದಾರಿ. ರಾಜ್ಯ ರಾಜ್ಯಗಳು ಕೂತು ಮಾತಾಡೋಕೆ 263ರ ಅಂತರರಾಜ್ಯ ಪರಿಷತ್ತು, ಮತ್ತೆ 1956ರಿಂದ ಇರುವ ವಲಯ ಪರಿಷತ್ತುಗಳು ಇವೆ. ಅಲ್ಲಿ ಕೂರೋದು ಮುಖ್ಯಮಂತ್ರಿಗಳು, ಮಂತ್ರಿಗಳು. ಸರಪಂಚರಿಗೆ ಕುರ್ಚಿ ಇಲ್ಲ.

ನಮ್ಮ ಪಂಚಾಯ್ತಿ ನಡೆಯೋದು ಕರ್ನಾಟಕದ 1993ರ ಕಾಯ್ದೆಯಲ್ಲಿ. ಅವರದು ಆಂಧ್ರದ 1994ರ ಕಾಯ್ದೆಯಲ್ಲಿ. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿ "ಒಪ್ಪಂದ" ಅಂತ ಕರೆದರೆ ನಾಳೆ ಯಾರೋ ಒಬ್ಬರು ಹೋಗಿ ಅದನ್ನು ಹೊಡೆದು ಹಾಕಿಸ್ತಾರೆ. ಅದರ ಬದಲು ಹೀಗೆ ಮಾಡಿ. ಅವರು ತಮ್ಮ ಸಭೆಯಲ್ಲಿ ಒಂದು ಠರಾವು ಪಾಸ್ ಮಾಡಲಿ, ನೀವು ನಿಮ್ಮ ಸಭೆಯಲ್ಲಿ ಒಂದು. ಒಕ್ಕಣೆ ಒಂದೇ ಇರಲಿ. ಒಂದು ತೆಲುಗು, ಒಂದು ಕನ್ನಡ. "ನಮ್ಮ ಊರಿನವರು ಆಚೆಯವರ ಪೈಪು ಮುಟ್ಟಿದರೆ ನಾವು ಹೀಗೆ ನಡೆದುಕೊಳ್ಳುತ್ತೇವೆ" ಅಂತ ನಮ್ಮ ಊರಿನ ಬಗ್ಗೆ ಮಾತ್ರ ಬರೆಯಿರಿ. ಅವರೂ ಅವರ ಊರಿನ ಬಗ್ಗೆ ಮಾತ್ರ. ನಮ್ಮ ಊರವರನ್ನು ನಾವೇ ಅಂಕೆಯಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನೋದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ.

ಇನ್ನೊಂದು. ಠರಾವಿನಲ್ಲಿ "ದಂಡ" ಅನ್ನೋ ಪದ ಹಾಕಬೇಡಿ. ಜಾತಿ ಪಂಚಾಯ್ತಿ ಥರ ಆಗಿಬಿಡುತ್ತದೆ. "ನಷ್ಟ ಕಟ್ಟಿಕೊಡುವುದು" ಅಂತ ಬರೆಯಿರಿ.

ಗಂಗಾವತಿ ಅಕ್ಕ

ಕೊಪ್ಪಳ ಜಿಲ್ಲೆಗೆ ಬೇರೆ ರಾಜ್ಯದ ಗಡಿ ಇಲ್ಲ. ಆದರೆ ತುಂಗಭದ್ರಾ ಡ್ಯಾಮಿನ ಒಂದು ತುದಿ ಮುನಿರಾಬಾದಿನಲ್ಲಿದೆ. ಹಾಗಾಗಿ ನನಗೂ ಮಾತಾಡೋಕೆ ಹಕ್ಕಿದೆ ಅಂದ್ಕೋತೀನಿ!

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಆಗ ಏನಾಯ್ತು ನೆನಪು ಮಾಡ್ಕೊಳ್ಳಿ. 33 ಗೇಟುಗಳ ಡ್ಯಾಮು, ತುಂಬಿ ನಿಂತಿತ್ತು. ಒಂದೇ ಕಡೆ ಭಾರ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ನಮ್ಮ ಭತ್ತದ ಬೆಳೆ ಹೋಯ್ತು ಅಂತ ನಾವೆಲ್ಲ ಅತ್ತೆವು. ವಾರದೊಳಗೆ ಹರಿಯುವ ನೀರಿನಲ್ಲೇ, ಗೇಟಿದ್ದ ಜಾಗದಲ್ಲಿ ನೀರು ತಡೆಯೋ ಕಬ್ಬಿಣದ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಗೇಟಿನ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಮುಂದೆ ನಿಂತರು. ತೋರಣಗಲ್ಲಿನ ಜಿಂದಾಲ್ ಸೇರಿ ಇಲ್ಲಿನ ವರ್ಕ್‌ಶಾಪ್‌ಗಳಲ್ಲಿ ಕಬ್ಬಿಣದ ಹಲಗೆಗಳು ತಯಾರಾದವು. ಅದರಿಂದ ಉಳಿದ ನೀರು ಕರ್ನೂಲಿಗೂ ಹೋಯ್ತು, ರಾಯಚೂರಿಗೂ ಹೋಯ್ತು.

ತುಂಗಭದ್ರಾ ಬೋರ್ಡು 1953ರಿಂದ ಇದೆ. ಈಗ ಕೇಂದ್ರದವರ ಜತೆ ಮೂರು ರಾಜ್ಯದವರೂ ಅದರಲ್ಲಿದ್ದಾರೆ. ಜಗಳ ಇಲ್ಲ ಅಂತಲ್ಲ, ಪ್ರತಿ ವರ್ಷ ಇದೆ. ಆದರೆ ಜಗಳ ಮಾಡೋಕೆ ಒಂದು ಮೇಜು ಇದೆ. ನಿಮ್ಮ ಎರಡು ಊರಿಗೆ ಇಲ್ಲದಿರೋದು ಆ ಮೇಜು.

ಮತ್ತೆ ಒಂದು ಮಾತು. ನಿಮ್ಮ ಬರಹದಲ್ಲಿ ಜಗಳ ಮಾಡಿದವರೆಲ್ಲ ಗಂಡಸರು. ಹುಗ್ಗಿ ತುಂಬಿಕೊಂಡು ಹೋದದ್ದು ಚಿಕ್ಕವ್ವ. ನಿಮ್ಮಲ್ಲಿ ಸ್ತ್ರೀಶಕ್ತಿ ಸಂಘ ಇರಬೇಕಲ್ಲ? ಅವರ ಕಡೆ ಅದೇ ಥರದ ಡ್ವಾಕ್ರಾ ಗುಂಪುಗಳಿವೆ. ಪಂಚಾಯ್ತಿಗಿಂತ ಮೊದಲು ಅವರನ್ನು ಕೂರಿಸಿ ನೋಡಿ.

ಹಂಪಿ ಟೀಚರ್ (ಬಳ್ಳಾರಿ)

ಬೇರೆ ಎಲ್ಲಾದರೂ ಮಾಡಿದ್ದಾರಾ ಅಂತ ಕೇಳಿದ್ದಿರಿ. ನಾನು ಸಮಾಜ ವಿಜ್ಞಾನ ಹೇಳಿಕೊಡೋಳು, ಹಾಗಾಗಿ ಸುಮ್ನೆ ಇರೋಕೆ ಆಗಲ್ಲ.

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಇಂಗ್ಲೆಂಡಿನ ಕೊವೆಂಟ್ರಿ ಬಾಂಬಿನಿಂದ ಹಾಳಾಗಿತ್ತು. ರಷ್ಯಾದ ಸ್ಟಾಲಿನ್‌ಗ್ರಾಡ್ ಅದಕ್ಕಿಂತ ಹಾಳಾಗಿತ್ತು. ಕೊವೆಂಟ್ರಿಯ 830 ಹೆಂಗಸರು ಒಬ್ಬೊಬ್ಬರು ಆರಾರು ಪೆನ್ನಿ ಕೊಟ್ಟು, ತಮ್ಮ ಹೆಸರುಗಳನ್ನು ಒಂದು ಮೇಜಿನ ಬಟ್ಟೆ ಮೇಲೆ ಕಸೂತಿ ಹಾಕಿಸಿ ಅಲ್ಲಿಗೆ ಕಳಿಸಿದರು. 1944ರಲ್ಲಿ ಎರಡೂ ಊರು ಜೋಡಿ ಊರುಗಳಾದವು. ಆಮೇಲೆ ಅವರ ದೇಶಗಳು ಶೀತಲ ಸಮರಕ್ಕೆ ಇಳಿದವು. ಊರುಗಳ ನಂಟು ಮಾತ್ರ ಬಹಳ ವರ್ಷ ಉಳಿಯಿತು. ನಮ್ಮ ಕಡೆಯ ಕಸೂತಿ ನೋಡಿದಾಗೆಲ್ಲ ನನಗೆ ಆ ಬಟ್ಟೆ ನೆನಪಾಗುತ್ತದೆ.

ನಿಮ್ಮ ಕಥೆಗೆ ಇನ್ನೂ ಹತ್ತಿರದ್ದು ಜೋರ್ಡಾನ್ ನದಿಯದು. ಇಕೋಪೀಸ್ ಅಂತ ಒಂದು ಸಂಸ್ಥೆ ಇದೆ. ಇಸ್ರೇಲ್, ಪ್ಯಾಲೆಸ್ಟೈನ್, ಜೋರ್ಡಾನ್ ಮೂರೂ ಕಡೆಯವರು ಸೇರಿ ನಡೆಸೋದು. 2001ರಲ್ಲಿ ಅವರು 11 ಊರುಗಳನ್ನು ಹಿಡಿದು, ಒಂದೇ ನೀರನ್ನು ಕುಡಿಯುವ ಅಕ್ಕಪಕ್ಕದ ಊರುಗಳನ್ನು ಜೋಡಿ ಮಾಡಿದರು. ಮುಂದೆ ಅದು 28 ಊರುಗಳಾಯ್ತು. ಮೊದಲು ಶಾಲೆಗಳಿಂದ ಶುರು ಮಾಡಿದರು. ಶಾಲೆಯ ಮಾಳಿಗೆ ಮೇಲೆ ಮಳೆನೀರು ಹಿಡಿಯೋದು, ಹಳ್ಳದಲ್ಲಿ ಕೊಳಚೆ ಎಲ್ಲಿಂದ ಬರುತ್ತದೆ ಅಂತ ಮಕ್ಕಳೇ ನೋಡಿ ಬರೆಯೋದು. ಮಕ್ಕಳ ಹಿಂದೆ ಅಪ್ಪ ಅಮ್ಮ ಬಂದರು, ಅವರ ಹಿಂದೆ ಮೇಯರು ಬಂದರು. ಆ ಮೇಯರುಗಳು ಕೈ ಕೈ ಹಿಡಿದು ಜೋರ್ಡಾನ್ ನದಿಗೆ ಜಿಗಿದಿದ್ದೂ ಇದೆ.

ನಿಮ್ಮ ಎರಡೂ ಊರಿನ ಶಾಲೆಗಳನ್ನು ಸೇರಿಸಿ ಒಂದು ಕಬಡ್ಡಿ ಪಂದ್ಯ ಇಡಿ. ಟೀಮುಗಳನ್ನು ಮಾತ್ರ ಬೆರೆಸಿ ಮಾಡಿ. ಊರಿಗೆ ಊರು ಅಂತ ಇಟ್ಟರೆ ಮತ್ತೆ ಕಪಾಳಕ್ಕೆ ಬರುತ್ತದೆ.

ಸಿರುಗುಪ್ಪದವ

ಮೇಡಂ, ಜೋರ್ಡಾನ್ ಕಡೆ ಈಗ ಏನಾಗ್ತಿದೆ ಅಂತ ದಿನಾ ಟಿವಿಯಲ್ಲಿ ನೋಡ್ತೀವಿ. ಮೇಯರು ಜಿಗಿದರು, ಸರಿ. ಯುದ್ಧ ನಿಂತಿತಾ?

ಹಂಪಿ ಟೀಚರ್ (ಬಳ್ಳಾರಿ)

ಇಲ್ಲ, ನಿಲ್ಲಲಿಲ್ಲ. ಊರುಗಳು ಜೋಡಿಯಾದ್ದರಿಂದ ಯುದ್ಧ ನಿಲ್ಲುತ್ತದೆ ಅಂತ ನಾನು ಹೇಳಿಲ್ಲ. ದಂಡೆಮನೆ ಅವರು ಯುದ್ಧ ನಿಲ್ಲಿಸೋಕೆ ಹೊರಟಿಲ್ಲ. ಅವರ ಫುಟ್‌ವಾಲ್ ಹೋಗಿದೆ.

ಲೆಕ್ಕ ತಪ್ಪಿದವ (ಊರು ರಾಯಚೂರು, ಇರೋದು ಐರ್ಲೆಂಡ್)

ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಓದಿದೆ, ದಾರಿಯೆಲ್ಲ ಇದೇ ಯೋಚನೆ. ನಾನು ಡಂಡಾಕ್‌ನಲ್ಲಿದ್ದೇನೆ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಗಡಿ ಇಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತು. ಗಡಿ ದಾಟಿದ್ದು ಗೊತ್ತಾಗೋದು ಒಂದೇ ರೀತಿಯಲ್ಲಿ. ರಸ್ತೆ ಬದಿಯ ವೇಗದ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ. ಗೇಟಿಲ್ಲ, ಪೊಲೀಸಿಲ್ಲ. ನಮ್ಮ ರಾಯಚೂರಿನಿಂದ ಹೈದರಾಬಾದಿಗೆ ಹೋಗುವಾಗ ಕೃಷ್ಣಾ ಸೇತುವೆ ದಾಟಿದ ಮೇಲೆ ಭತ್ತದ ಲಾರಿ ತಡೆಯೋ ಚೆಕ್‌ಪೋಸ್ಟ್ ನೆನಪಾಗಿ ನಗು ಬರುತ್ತದೆ. ತೆಲಂಗಾಣದಲ್ಲಿ ಸಣ್ಣ ಭತ್ತಕ್ಕೆ ಕ್ವಿಂಟಾಲಿಗೆ 500 ರೂಪಾಯಿ ಬೋನಸ್ಸು ಅಂತ ಶುರುವಾದ ಮೇಲೆ ನಮ್ಮಪ್ಪನೂ ಒಮ್ಮೆ ಅಲ್ಲಿ ನಿಂತು ಬಂದಿದ್ದಾರೆ.

ಆದರೆ ಇಲ್ಲೂ ಮೊದಲು ಹೀಗಿರಲಿಲ್ಲ. ಆ ಕಡೆಯ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಜಗಳವಾಗಿ ಗುಂಡು ಹಾರುತ್ತಿದ್ದ ಕಾಲದಲ್ಲಿ ಬ್ರಿಟಿಷ್ ಸೇನೆ ಸಣ್ಣ ಸಣ್ಣ ಹಳ್ಳಿ ರಸ್ತೆಗಳನ್ನು ಸ್ಫೋಟಿಸಿ ಗುಂಡಿ ಮಾಡುತ್ತಿತ್ತು, ಯಾರೂ ದಾಟಬಾರದು ಅಂತ. ಹಳ್ಳಿಯವರು ಭಾನುವಾರ ಬಂದು ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಗುಂಡಿ ಮುಚ್ಚುತ್ತಿದ್ದರು. ಸೇನೆ ಮತ್ತೆ ಬಂದು ತೋಡುತ್ತಿತ್ತು. ನಿಮ್ಮ ಮರಳಿನ ಕಾಲುವೆ ಓದಿ ಅದೇ ನೆನಪಾಯ್ತು. ಇಲ್ಲಿ ಮುಚ್ಚಿದವರು ದಾಟೋಕೆ ಮುಚ್ಚಿದರು, ಅಷ್ಟೇ ವ್ಯತ್ಯಾಸ.

ಗಮನಿಸಬೇಕಾದದ್ದು ವರ್ಷಗಳನ್ನು. ದೊಡ್ಡ ಶಾಂತಿ ಒಪ್ಪಂದ ಆಗಿದ್ದು 1998ರ ಏಪ್ರಿಲ್ 10. ಆದರೆ ಗಡಿಯ ಎರಡೂ ಕಡೆಯ ಸ್ಥಳೀಯ ಕೌನ್ಸಿಲ್‌ಗಳು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದು 1976ರಲ್ಲಿ. ಬಾಂಬು ಬೀಳುತ್ತಿದ್ದಾಗಲೇ! ಅವರು ಶಾಂತಿ ಅಂತ ಮಾತಾಡಲಿಲ್ಲ. ರಸ್ತೆ, ಪ್ರವಾಸಿಗರು, ವ್ಯಾಪಾರ, ಇಂಥ ಬೇಸರದ ವಿಷಯಗಳನ್ನೇ ಮಾತಾಡಿದರು. 1995ರಿಂದ ಯುರೋಪಿನ ಒಕ್ಕೂಟ ಇದಕ್ಕೆ ಅಂತಲೇ ದುಡ್ಡು ಕೊಡೋಕೆ ಶುರು ಮಾಡಿತು. ಈಗಿನ ಕಂತು ನೂರು ಕೋಟಿ ಯೂರೋಗಿಂತ ಜಾಸ್ತಿ. ಕೌನ್ಸಿಲ್ಲೂ ಊರಿನ ಸಂಘಗಳೂ ಸೇರಿ ಯೋಜನೆ ಬರೆದರೆ ದುಡ್ಡು ಬರುತ್ತದೆ. ಉತ್ತರ ಐರ್ಲೆಂಡಿನ ಡೆರಿಯಲ್ಲಿ ಫಾಯ್ಲ್ ನದಿಗೆ ಒಂದು ಕಾಲುಸೇತುವೆ ಕಟ್ಟಿದರು, 2011ರಲ್ಲಿ. ಒಂದು ದಂಡೆಯಲ್ಲಿ ಹೆಚ್ಚಿಗೆ ಕ್ಯಾಥೊಲಿಕರು, ಇನ್ನೊಂದರಲ್ಲಿ ಹೆಚ್ಚಿಗೆ ಪ್ರೊಟೆಸ್ಟಂಟರು. ನಾನು ಹೋದಾಗ ಒಬ್ಬ ಮುದುಕಿ ನಾಯಿ ಹಿಡಿದುಕೊಂಡು ಆಚೆ ಹೋಗಿ, ಐದು ನಿಮಿಷ ನಿಂತು, ಈಚೆ ಬಂದಳು. ಅಷ್ಟಕ್ಕೇ ಸೇತುವೆ ಬೇಕಾಗಿತ್ತಾ ಅಂತ ಮೊದಲು ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ.

ಒಂದು ಎಚ್ಚರ ಹೇಳ್ತೀನಿ. ದುಡ್ಡು ಬಂದ ಕಡೆ ದುಡ್ಡಿಗಾಗಿಯೇ ಹುಟ್ಟೋ ಸಂಘಗಳೂ ಬರುತ್ತವೆ. ಇಲ್ಲಿಯವರೇ ಗೊಣಗುತ್ತಾರೆ. ನಿಮ್ಮಲ್ಲಿ ದುಡ್ಡಿಲ್ಲದಿರೋದು ಒಂದು ಲೆಕ್ಕಕ್ಕೆ ಒಳ್ಳೇದೇ.

ಮಾಜಿ ಯೋಧ (ಲಿಂಗಸುಗೂರು)

ನಾನು ಬಿಎಸ್‌ಎಫ್‌ನಲ್ಲಿ ಮೇಘಾಲಯದ ಗಾರೋ ಗುಡ್ಡದ ಕಡೆ ಇದ್ದವನು. ಅಲ್ಲಿ ಕಲೈಚರ್ ಅಂತ ಒಂದು ಜಾಗ. 2011ರಲ್ಲಿ ಬಾಂಗ್ಲಾದೇಶದ ಗಡಿ ಗೆರೆಯ ಮೇಲೇ ಸಂತೆ ಶುರು ಮಾಡಿದರು. ಐದು ಕಿ.ಮೀ ಒಳಗಿನ ಹಳ್ಳಿಯವರಿಗೆ ಮಾತ್ರ. ಆ ಕಡೆಯವರು ಒಂದಷ್ಟು ಅಂಗಡಿ, ಈ ಕಡೆಯವರು ಒಂದಷ್ಟು. ನಮ್ಮ ಸೋಮವಾರದ ಸಂತೆ ಇದ್ದ ಹಾಗೆಯೇ. ಅದನ್ನು ನಡೆಸೋಕೆ ಎರಡೂ ಜಿಲ್ಲೆಯ ಅಧಿಕಾರಿಗಳ ಸಮಿತಿ, ಅದರಲ್ಲಿ ಊರಿನ ಪ್ರತಿನಿಧಿಯೂ ಇರ್ತಾನೆ.

ಅಲ್ಲಿ ಎರಡು ದೇಶ, ನಡುವೆ ಬಂದೂಕು ಹಿಡಿದ ನಾವು. ಆದರೂ ಸಂತೆ ನಡೆಯಿತು. ಕೋವಿಡ್ ಬಂದಾಗ ಮುಚ್ಚಿತು ಅಂತ ಕೇಳಿದೆ. ನಿಮ್ಮದು ಒಂದೇ ದೇಶ, ನಡುವೆ ಇರೋದು ಮರಳು. ಸಿರುಗುಪ್ಪದ ಸಾಹೇಬರಿಗೆ ಇಷ್ಟೇ ಹೇಳೋದು.

ಇನ್ನೊಂದು ಕಲಿತದ್ದು. ಎರಡೂ ಕಡೆ ಗಲಾಟೆ ಆದರೆ ನಮ್ಮ ಕಮಾಂಡರು ಮೊದಲು ಮಾಡ್ತಿದ್ದದ್ದು ಆಚೆಯ ಕಮಾಂಡರಿಗೆ ಫೋನು. ತಪ್ಪು ಯಾರದು ಅನ್ನೋದು ಆಮೇಲೆ. ಫೋನ್ ನಂಬರು ಇರೋದೇ ದೊಡ್ಡ ವಿಷಯ.

ಸಿರುಗುಪ್ಪದವ

ಸರ್, ನಿಮಗೆ ಸಲಾಂ. ಆಯ್ತು, ಮಾಡಲಿ. ಆಗದೇ ಇದ್ದರೆ ಬಂದು ಇಲ್ಲಿ ಬರೀಲಿ. ಆಗಿದ್ದನ್ನೇ ಬರೆಯೋರು ಜಾಸ್ತಿ ನಮ್ಮಲ್ಲಿ.

ದಂಡೆಮನೆ (ರಾಯಚೂರು ತಾಲ್ಲೂಕು)

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಆಗಿದ್ದೂ ಬರೀತೀನಿ, ಆಗದ್ದೂ ಬರೀತೀನಿ.

ಅಕ್ಕಾರು ಹೇಳಿದ ಹಾಗೆ ಚಿಕ್ಕವ್ವನಿಂದ ಶುರು ಮಾಡಿದೆ. ಅವಳು ಅಲ್ಲಿನ ಡ್ವಾಕ್ರಾ ಗುಂಪಿನ ಲೀಡರು, ನನಗೆ ಅದೇ ಗೊತ್ತಿರಲಿಲ್ಲ ನೋಡಿ! ಒಂದು ಶುಕ್ರವಾರ ನಮ್ಮ ಸಂಘದ ಎಂಟು ಹೆಂಗಸರು ಹರಿಗೋಲಿನಲ್ಲಿ ಆಚೆ ಹೋದರು. ಏನು ಮಾತಾಡಿದರೋ ಏನೋ, ಬರುವಾಗ ಉಪ್ಪಿನಕಾಯಿ ತಂದರು. ಮುಂದಿನ ವಾರ ಅವರು ಬಂದರು. ಆಮೇಲೆ ಅವರ ಸರಪಂಚರಿಂದ ಸುದ್ದಿ ಬಂತು, ಕೂರೋಣ ಅಂತ.

ಎಲ್ಲಿ ಕೂರೋದು ಅಂತಲೇ ಹತ್ತು ದಿನ ಹೋಯ್ತು. ಅವರ ಊರಿಗೆ ನಾವು ಹೋದರೆ ತಗ್ಗಿದ ಹಾಗೆ, ನಮ್ಮಲ್ಲಿಗೆ ಅವರು ಬಂದರೆ ಅವರು ತಗ್ಗಿದ ಹಾಗೆ. ಕೊನೆಗೆ ಹೊಳೆಯ ನಡುಗಡ್ಡೆ ಹತ್ತಿರ ಬಂಡೆಗಳ ಮೇಲೆ ಕೂತೆವು. ನೀರು ಇಳಿದಿತ್ತು. ನಮ್ಮವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಸಿಕೊಂಡು ಹೋಗಿದ್ದರು. ಅವರು ಚಹಾದ ಫ್ಲಾಸ್ಕು ತಂದಿದ್ದರು. ಮಿರ್ಚಿ ಖಾಲಿ ಆಗೋ ತನಕ ಯಾರೂ ವಿಷಯಕ್ಕೆ ಬರಲಿಲ್ಲ.

ಅವರ ಸರಪಂಚರು ಹೆಣ್ಣುಮಗಳು. ನಮ್ಮ ಅಧ್ಯಕ್ಷರೂ ಹೆಣ್ಣುಮಗಳೇ. ಮಾತಾಡಿದ್ದು ಇಬ್ಬರ ಗಂಡಂದಿರು. ಒಂದು ಗಂಟೆ ಹಾಗೇ ಹೋಯ್ತು. ಅವರು 1990ರ ಜಗಳದಿಂದ ಶುರು ಮಾಡಿದರೆ ಇವರು ಅದಕ್ಕೂ ಹಿಂದಕ್ಕೆ ಹೋದರು. ಆಗ ಚಿಕ್ಕವ್ವ ಎದ್ದು ನಿಂತು, "ಸಹಿ ಹಾಕೋರು ಮಾತಾಡಲಿ" ಅಂದಳು. ಎಲ್ಲರೂ ನಕ್ಕರು. ಗಂಡಂದಿರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ವಕೀಲರು ಹೇಳಿದ ಹಾಗೆ ಎರಡು ಠರಾವು ಬರೆದೆವು. ನಮ್ಮ ಪಿಡಿಒ ಮೊದಲು ಹೆದರಿದರು. "ಅಂತರರಾಜ್ಯ" ಅನ್ನೋ ಪದ ಬಂದರೆ ಮೇಲಿನವರು ಕೇಳ್ತಾರೆ ಅಂತ. ಆ ಪದ ತೆಗೆದು "ಹೊಳೆಯ ಆಚೆ ದಂಡೆಯ ಗ್ರಾಮ" ಅಂತ ಹಾಕಿದೆವು. ಆಗ ಒಪ್ಪಿದರು. "ನಷ್ಟ ಕಟ್ಟಿಕೊಡುವುದು" ಅನ್ನೋದಕ್ಕೆ ತೆಲುಗಿನಲ್ಲಿ ಸರಿಯಾದ ಮಾತು ಸಿಗೋಕೆ ಅರ್ಧ ದಿನ ಬೇಕಾಯ್ತು. ಅವರ ಸೆಕ್ರೆಟರಿ "ನಷ್ಟಪರಿಹಾರಂ" ಅಂತ ಬರೆದರು. ನಮ್ಮ ಮುದುಕರೊಬ್ಬರು, ಅದು ಸರ್ಕಾರ ಕೊಡೋದು, ಇದು ನಾವು ಕೊಡೋದು ಅಂತ ತಕರಾರು ತೆಗೆದರು. ಕೊನೆಗೆ ಹೊಡೆದು ಹಾಕಿ "ಪೈಪು ಕಡಿದವರ ಊರು ಪೈಪು ತಂದುಕೊಡಬೇಕು" ಅಂತ ಉದ್ದಕ್ಕೇ ಬರೆದರು.

ಒಪ್ಪಿದ್ದು ಇವು. ಗಲಾಟೆ ಆದರೆ ಯಾರಿಗೆ ಫೋನು ಮಾಡಬೇಕು ಅಂತ ಆ ಕಡೆ ಮೂರು ನಂಬರು, ಈ ಕಡೆ ಮೂರು. ಒಂದೊಂದು ನಂಬರು ಹೆಂಗಸರದ್ದು ಇರಲೇಬೇಕು. ಹರಿಗೋಲಿನಲ್ಲಿ ಒಮ್ಮೆಗೆ ಎಷ್ಟು ಜನ ಅನ್ನೋದೂ ಬರೆದೆವು. ಮೇಲಿನಿಂದ ನೀರು ಬಿಟ್ಟ ಸುದ್ದಿ ಯಾರಿಗೆ ಮೊದಲು ಬಂದರೂ ಇನ್ನೊಬ್ಬರಿಗೆ ಹೇಳಬೇಕು. ಜಾತ್ರೆಗೆ ಮೊದಲು ಎರಡೂ ಕಡೆಯ ಹುಡುಗರ ಜತೆ ಒಂದು ಸಭೆ, ಗೇಟಿನ ಹೊರಗೆ ನಿಲ್ಲೋರನ್ನೇ ಒಳಗೆ ಕರೆದು. ಸಿರುಗುಪ್ಪದವರೇ, ಇದು ನಿಮ್ಮ ಮಾತಿನಿಂದ ಬಂದದ್ದು.

ಆಗದ್ದು ಕಾಲುವೆ ತೋಡುವ ವಿಷಯ. ಮೋಟರಿಗೆ ದಿನ ಬಿಟ್ಟು ದಿನ ಅಂತ ನಾವು ಹೇಳಿದೆವು, ಅವರು ಹಗಲು ರಾತ್ರಿ ಅಂತ ಹೇಳಿದರು. ಅವರ ಕಡೆ ಕರೆಂಟು ಬರೋ ಹೊತ್ತು ಬೇರೆ, ನಮ್ಮ ಕಡೆ ಬೇರೆ. ಮುಗಿಯಲಿಲ್ಲ. ಠರಾವಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಕಬಡ್ಡಿಯೂ ಆಗಲಿಲ್ಲ ಟೀಚರ್, ಪರೀಕ್ಷೆ ಬಂತು.

ಕರಿ ಕೋಟು (ಬಳ್ಳಾರಿ)

ಖಾಲಿ ಬಿಟ್ಟದ್ದು ಒಳ್ಳೇದಾಯ್ತು. ಸುಳ್ಳು ಬರೆಯೋದಕ್ಕಿಂತ ಅದೇ ಮೇಲು. ಆದರೆ ನಿಮ್ಮ ಅಧ್ಯಕ್ಷರ ಅವಧಿ 30 ತಿಂಗಳು ಮಾತ್ರ ಅನ್ನೋದು ನೆನಪಿರಲಿ. ಮುಂದೆ ಬರೋರಿಗೆ ಈ ಠರಾವು ಇದೆ ಅಂತಲೇ ಗೊತ್ತಿರಲ್ಲ. ಇದನ್ನು ಯಾರು ಇಟ್ಟುಕೊಳ್ತಾರೆ?

ದಂಡೆಮನೆ (ರಾಯಚೂರು ತಾಲ್ಲೂಕು)

ಒಂದು ಪ್ರತಿ ಪಂಚಾಯ್ತಿಯಲ್ಲಿ. ಇನ್ನೊಂದು ಸ್ತ್ರೀಶಕ್ತಿ ಸಂಘದ ಪೆಟ್ಟಿಗೆಯಲ್ಲಿ, ಸಾಲದ ಪುಸ್ತಕದ ಜತೆ. ಆ ಪುಸ್ತಕ ಹೋದರೆ ಊರೇ ಎದ್ದು ನಿಲ್ಲುತ್ತದೆ, ಹಾಗಾಗಿ ಅಲ್ಲಿ ಭದ್ರ.

ಗಂಗಾವತಿ ಅಕ್ಕ

ಫೋನು ಬಂತಾ ಯಾವತ್ತಾದರೂ? ನಂಬರು ಬರೆದಿಟ್ಟ ಮೇಲೆ?

ದಂಡೆಮನೆ (ರಾಯಚೂರು ತಾಲ್ಲೂಕು)

ಒಂದು ಸಲ ಬಂತು, ಹೋದ ಮಂಗಳವಾರ. ರಾತ್ರಿ ಹನ್ನೊಂದಕ್ಕೆ ಆಚೆಯ ಸರಪಂಚರ ಫೋನು, ನಮ್ಮ ಅಧ್ಯಕ್ಷರಿಗೆ. ಗಂಡ ಎತ್ತಿದನಂತೆ. "ಅಮ್ಮನಿಗೆ ಕೊಡಿ" ಅಂದರಂತೆ. ನಾವೆಲ್ಲ ಗಾಬರಿಯಾಗಿ ಹೊಳೆಗೆ ಓಡಿದೆವು. ಆಮೇಲೆ ಗೊತ್ತಾಯ್ತು, ನಮ್ಮ ಕಡೆಯ ಎಮ್ಮೆಯೊಂದು ದಾಟಿಕೊಂಡು ಹೋಗಿ ಅವರ ಜೋಳದ ಹೊಲದಲ್ಲಿ ಮೇಯುತ್ತಿತ್ತು. ಕಟ್ಟಿ ಹಾಕಿದ್ದೇವೆ, ಬೆಳಿಗ್ಗೆ ಬಂದು ಹೊಡೆದುಕೊಂಡು ಹೋಗಿ ಅಂತ ಹೇಳೋಕೆ ಮಾಡಿದ ಫೋನು ಅದು.

ಎಮ್ಮೆ ನಂದೇ.